ಕಠ್ಮಂಡುವಿನಲ್ಲಿ ಕೋಲಾರದ ಬಾಕ್ಸ್

ಜುಲೈ ಒಂಬತ್ತು, ಬೆಳಗ್ಗೆ ಹನ್ನೊಂದು ಇಪ್ಪತ್ತು. ತಿಲಕ್ ಥಾಪಾನ ಮೊಬೈಲ್‌ಗೆ ನೇಪಾಳದಿಂದ ನಲವತ್ತು ಸೆಕೆಂಡಿನ ವಿಡಿಯೊ ಬಂತು. ಕಠ್ಮಂಡುವಿನ ಸಗಟು ಮಾರುಕಟ್ಟೆಯ ಮುಂದೆ ರೈತರು ಕೊಳ್ಳುವವರಿಲ್ಲದ ಟೊಮೆಟೊವನ್ನು ರಸ್ತೆಗೆ ಸುರಿಯುತ್ತಿದ್ದರು.

ನೇಪಾಳದಿಂದ ಬಂದ ತಿಲಕ್ ಐದು ವರ್ಷದಿಂದ ಕೋಲಾರದಲ್ಲಿ, ಕೋದಂಡರಾಮಪ್ಪನವರ ಟೊಮೆಟೊ ಮಂಡಿಯಲ್ಲಿದ್ದಾನೆ. ದೂರದ ಲೋಡಿಗೆ ಕಾಯಿ ಆರಿಸುವುದು ಅವನ ಕೆಲಸ. ತೊಟ್ಟಿನ ಬಳಿ ಹಸಿರು ಉಳಿದು, ತುದಿಯಲ್ಲಷ್ಟೇ ಕೆಂಪು ಕಂಡ ದೋರೆಗಾಯಿ ಬೇಕು. ಲಾರಿಯಲ್ಲೇ ಹಣ್ಣಾಗುತ್ತ ಹೋಗಿ ಆರನೇ ದಿನ ಗಟ್ಟಿಯಾಗಿಯೇ ಇಳಿಯಬೇಕು. ಅವನು ತುಂಬಿದ ಲೋಡು ಕೊಳೆಯಿತೆಂಬ ದೂರು ಒಮ್ಮೆಯೂ ಬಂದಿರಲಿಲ್ಲ.

"ಏನ್ಲಾ ತಿಲಕ, ಹೆಣ್ಣಿನ ಫೋಟೋ ಬಂತಾ? ಕಣ್ಣೇ ಕೀಳ್ತಿಲ್ವಲ್ಲ!" ಪಕ್ಕದಲ್ಲಿ ವಿಂಗಡಿಸುತ್ತಿದ್ದ ಯಲ್ದೂರಿನ ಮುನಿಲಕ್ಷ್ಮಿ ಕೆಣಕಿದಳು.

ಅವನು ವಿಡಿಯೊ ನಿಲ್ಲಿಸಿ ತೋರಿಸಿದ. ಸುರಿಯುತ್ತಿದ್ದವರ ಹಿಂದೆ, ಅಂಗಡಿಯೊಂದರ ಬಾಗಿಲಲ್ಲಿ ಟೊಮೆಟೊ ತುಂಬಿದ ನೀಲಿ ಬಾಕ್ಸ್‌ಗಳು. ಅವುಗಳ ಮೇಲೆ ಬಿಳಿ ಬಣ್ಣದಲ್ಲಿ, ಕನ್ನಡದಲ್ಲಿ, 'ಕೋ.ರಾ.' ಎಂದಿತ್ತು.

"ಅಯ್ಯೋ ದೇವುಡಾ! ನಮ್ ಮಂಡಿದು ಕಣೋ!"

"ನಾನೇ ತುಂಬಿದ್ದು ಅಕ್ಕಾ. ನಾಳೆ ನಮ್ಮಣ್ಣ ಅದೇ ಮಾರ್ಕೆಟ್ಟಿಗೆ ಮಾಲು ತರ್ತಾನೆ. ಇದು ಅಗ್ಗಕ್ಕೆ ಸಿಗೋವಾಗ ಅವನ್ದು ಯಾರು ತಗೋತಾರೆ?"

ಅವನ ಅಣ್ಣ ಹರ್ಕ ಕಠ್ಮಂಡುವಿನ ಪಕ್ಕದ ಧಾದಿಂಗ್ ಜಿಲ್ಲೆಯ ರೈತ. ತಮ್ಮನ ಮಾತು ಕೇಳಿ ಈ ವರ್ಷ ಮೊದಲ ಬಾರಿಗೆ ಮೆಕ್ಕೆಜೋಳ ಬಿಟ್ಟು, ಇದ್ದ ಹೊಲಕ್ಕೆಲ್ಲ ಟೊಮೆಟೊ ಹಾಕಿದ್ದ.

ಕೋದಂಡರಾಮಪ್ಪ ಮೊಬೈಲ್ ಇಸಿದುಕೊಂಡು, ಕನ್ನಡಕ ಹಾಕಿಕೊಂಡು ವಿಡಿಯೊ ಎರಡು ಸಲ ನೋಡಿದರು. "ಗಡಿ ಈಚೆ ಗೋರಖ್‌ಪುರದ ಸೇಟುಗೆ ಅಂತ ಕಳಿಸಿದ್ದು ನಾವು. ಅಲ್ಲಿಂದಾಚೆ ಅವನು ಯಾವ ದೇಶಕ್ಕೆ ದಾಟಿಸ್ತಾನೋ ನಂಗೇನಪ್ಪಾ ಗೊತ್ತು? ನಮ್ಮೋರ ಮಾಲು ಇಲ್ಲಿ ಬೀದಿಗೆ ಬೀಳ್ಲಿ ಅಂತೀಯಾ?"

"ಅಲ್ಲಿ ಇವ್ನಣ್ಣಂದು ಬೀಳ್ತದಲ್ಲ ಸಾಮೀ," ಎಂದಳು ಮುನಿಲಕ್ಷ್ಮಿ.

ಕೋದಂಡರಾಮಪ್ಪ ಮೊಬೈಲ್ ಮರಳಿಸಿ ಲೆಕ್ಕದ ಪುಸ್ತಕ ತೆರೆದರು.

ತಿಲಕ್ ಅಣ್ಣನಿಗೆ ಫೋನ್ ಮಾಡಿದ. ಕೊಯ್ಯಬೇಡ, ನಾಲ್ಕು ದಿನ ತಡಿ ಎಂದ. ಬೆಳಗ್ಗೆಯೇ ಕೊಯ್ದಾಯಿತು, ಟೆಂಪೊಗೆ ಏರಿಸುತ್ತಿದ್ದೇವೆ ಎಂದು ಹರ್ಕ ಹೇಳಿದ. ಹತ್ತಿರದ ಮಾರುಕಟ್ಟೆಗೆ ಪೂರಾ ಕೆಂಪಾದದ್ದನ್ನೇ ಕೊಯ್ಯಬೇಕು ಎಂದು ನೀನೇ ಕಲಿಸಿದ್ದೆಯಲ್ಲ, ಒಂದೂ ದೋರೆಗಾಯಿ ಇಲ್ಲ ಎಂದೂ ಸೇರಿಸಿದ. ಅವನ ದನಿಯಲ್ಲಿ ಹೆಮ್ಮೆಯಿತ್ತು.

ಪೂರಾ ಕೆಂಪಾದ ಹಣ್ಣು ಎರಡು ದಿನ ತಡೆಯುವುದಿಲ್ಲ. ಅಣ್ಣ ಆ ಕಡೆಯಿಂದ ಹಲೋ, ಹಲೋ ಎನ್ನುತ್ತಲೇ ಇದ್ದ.

ಮರುದಿನ ಸಂಜೆಯವರೆಗೂ ಹರ್ಕನ ಟೊಮೆಟೊಗೆ ಗಿರಾಕಿ ಸಿಗಲಿಲ್ಲ. ಅಷ್ಟನ್ನೂ ರಸ್ತೆಗೆ ಸುರಿದು ಊರಿಗೆ ಮರಳಿದ. ಆಗಸ್ಟ್ ಹನ್ನೊಂದರಂದು ಅವನು ಬಂಗಾರಪೇಟೆಯಲ್ಲಿ ರೈಲಿನಿಂದಿಳಿದ. ಹನ್ನೆರಡರಂದು ಕೋದಂಡರಾಮಪ್ಪನವರ ಮಂಡಿಯಲ್ಲಿ ವಿಂಗಡಿಸುವ ಕೆಲಸಕ್ಕೆ ಸೇರಿದ.