ಒಂಬತ್ತು ಪಾದ

"ಅಲ್ಲಿಗೇ ನಿಂದ್ರಸು. ಬದುವಿನ ಈಚಿಕಡೆ ಒಂದು ಗುದ್ದಲಿ ಏಟು ಬಿದ್ರ ನೋಡು ಮುಸ್ತಾಕ, ನನ್ನಷ್ಟು ಕೆಟ್ಟಾಂವ ಇನ್ನೊಬ್ಬ ಇಲ್ಲ!"

ಹೊಳೆಯಪ್ಪ ಬದುವಿನ ಮೇಲೆ ಎರಡೂ ಕಾಲು ಅಗಲಿಸಿ ನಿಂತಿದ್ದ. ಎತ್ತಿದ ಗುದ್ದಲಿಯನ್ನು ಮುಸ್ತಾಕ ಮೆಲ್ಲಗೆ ಇಳಿಸಿದ. ಎದೆಮಟ್ಟದ ಕುಣಿಯೊಳಗೆ ನಿಂತು ಬೆಳಗಿನಿಂದ ಎರೆಮಣ್ಣು ಕಡಿದು ಕಡಿದು ಅವನ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಊರಿನಲ್ಲಿ ಯಾರ ಜಾತಿಯವರು ಸತ್ತರೂ ಕುಣಿ ತೆಗೆಯಲು ಅವನೇ ಬೇಕು. ಹೀಗೆ ಕುಣಿಯ ಬಾಯಲ್ಲಿ ನಿಂತು ಜಗಳ ತೆಗೆದವರನ್ನು ಅವನು ಕಂಡದ್ದು ಇದೇ ಮೊದಲು.

ಸತ್ತವನು ಹೊಳೆಯಪ್ಪನ ಒಡಹುಟ್ಟಿದ ಅಣ್ಣ, ಉಳವಪ್ಪ. ನಿನ್ನೆ ಸಂಜೆ ಎಮ್ಮೆ ಹಿಂಡಿ, ಹಾಲಿನ ಚರಿಗೆ ಕೆಳಗಿಟ್ಟು, ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಊರೆಲ್ಲ ಅವನ ಮನೆಯ ಮುಂದೆ ಸೇರಿದ್ದರೆ, ತಮ್ಮ ಮಾತ್ರ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಬಂದು ಬದು ಕಾಯುತ್ತಿದ್ದ.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯ ಉದ್ದ ಒಂಬತ್ತು ಪಾದ, ಅದೂ ಸತ್ತವನದೇ ಪಾದ. ಪಡುವಣ ತುದಿಗೆ ಹೆಣ ಕೂಡಿಸುವ ಗೂಡು, ಮೂಡಣ ತುದಿಗೆ ಇಳಿಯಲು ಮೆಟ್ಟಿಲು. ಗೂಡು ಮುಗಿದಿತ್ತು. ಮೆಟ್ಟಿಲು ಕಡಿಯಬೇಕೆನ್ನುವಾಗ ಹೊಳೆಯಪ್ಪನ ಬದು ಅಡ್ಡ ಬಂದಿತ್ತು.

ಉಳವಪ್ಪನ ಮಗ ಮಲ್ಲು ಒಂಬತ್ತು ಗಂಟು ಹಾಕಿದ ದಾರ ಹಿಡಿದು ನಿಂತಿದ್ದ. ದಾರದ ತುದಿ ಬದುವನ್ನು ದಾಟಿ, ಅದರ ಈಚೆ ಬುಡದಿಂದ ಒಂದೂವರೆ ಮೊಳ ಆಚೆ, ಹೊಳೆಯಪ್ಪನ ಕಡಲೆ ಬೆಳೆಯೊಳಗೆ ಬಿದ್ದಿತ್ತು.

"ಯಾವ ಕಾಲಿನ ಅಳತಿಲೇ ಅದು?" ಹೊಳೆಯಪ್ಪ ಕೇಳಿದ.

"ಎಡಗಾಲಿಂದು, ಕಾಕಾ."

"ಗಂಡಸಿಗೆ ಬಲಗಾಲಿಲೆ ಅಳಿಯೂದು ಪದ್ಧತಿ. ನಿಮ್ಮಪ್ಪ ಸತ್ತ ಕೂಡಲೆ ಪದ್ಧತಿನೂ ಸತ್ತುಹೋತೇನು?"

ಮಲ್ಲು ಹಲ್ಲು ಕಚ್ಚಿದ. ಉಳವಪ್ಪನ ಬಲಗಾಲಿಗೆ ಬೆರಳಿರಲಿಲ್ಲ. ಐದೂ ಹೋಗಿ ಪಾದ ನಾಲ್ಕು ಬೆರಳಿನಷ್ಟು ಗಿಡ್ಡಾಗಿತ್ತು. ಆ ಅಳತೆ ಹಿಡಿದರೆ ಒಂಬತ್ತು ಪಾದಕ್ಕೆ ಒಂದೂವರೆ ಮೊಳ ಕಡಿಮೆಯಾಗಿ ಕುಣಿ ಸರಿಯಾಗಿ ಬದುವಿನ ಈಚೆ ಬುಡಕ್ಕೆ ಮುಗಿಯುತ್ತಿತ್ತು. ಹೊಳೆಯಪ್ಪ ಈ ಲೆಕ್ಕವನ್ನು ನಸುಕಿನಲ್ಲೇ ಮಾಡಿಟ್ಟುಕೊಂಡಿದ್ದ.

"ಕಾಕಾರ, ನಾ ಇಂಥವು ನೂರು ತಗದೇನಿ," ಎಂದ ಮುಸ್ತಾಕ. "ಇಷ್ಟರಾಗ ಹೊತ್ತವರು ಇಳಿಯಾಕ ಆಗೂದಿಲ್ರಿ. ಹೆಣ ಎತ್ತಿ ಒಗೀಬೇಕಾಗತೈತಿ."

"ಹಂಗಾರ ಆ ಕಡೆ ಸರಸು."

"ಆ ಕಡೆ ನಿಮ್ಮವ್ವ ಅದಾಳ್ರಿ."

ಹೌದು, ಆ ಕಡೆ ಅವ್ವ, ಅವಳಾಚೆ ಅಪ್ಪ. ಅವ್ವನನ್ನು ಮಣ್ಣು ಮಾಡಿದ ದಿನವೇ ಅಪ್ಪ ಇಲ್ಲಿ ನಿಂತು, ಈ ಜಾಗ ಉಳವಪ್ಪನಿಗೆ, ಅದರಾಚೆ ಬದು ಎಂದು ನಾಲ್ಕು ಮಂದಿಯ ಮುಂದೆ ಹೇಳಿದ್ದ. ಮಲ್ಲು ಅದನ್ನೇ ಎತ್ತಿದ.

"ಅಜ್ಜ ಜಾಗ ಬಿಟ್ಟು ಹೋಗಿದ್ದ. ಎಲ್ಲಿ ಹೋತು ಕಾಕಾ ಅದು?"

"ಎರಿ ಭೂಮಿ. ಮಳಿಗೆ ಬದು ಸರೀತೈತಿ."

"ಬರೇ ನಮ್ಮ ಕಡೇನ ಸರೀತೈತೇನು?"

ಹೊಳೆಯಪ್ಪ ಬದುವಿನ ಮೇಲೆ ಕಾಲು ಇನ್ನಷ್ಟು ಗಟ್ಟಿಯಾಗಿ ಊರಿದ. ಅವನಿಗೆ ಕಡಲೆ ಬೆಳೆಯ ಚಿಂತೆಯೂ ಇರಲಿಲ್ಲ, ಪದ್ಧತಿಯ ಚಿಂತೆಯೂ ಇರಲಿಲ್ಲ. ದಾರದ ತುದಿ ಬಿದ್ದಿದ್ದ ಜಾಗದಲ್ಲಿ, ಮೊಳಕಾಲುದ್ದ ಕೆಳಗೆ, ಎರಡು ಹೊಲಗಳ ಗಡಿಕಲ್ಲು ಹೂತಿತ್ತು. ಹೂತವನು ಅವನೇ.

*

ಆ ಬೆರಳು ಹೋದದ್ದು ಮೂವತ್ತು ವರ್ಷದ ಹಿಂದೆ. ಆಗಿನ್ನೂ ಒಟ್ಟು ಮನೆ. ಕುಂಟೆ ಹೊಡೆಯುವಾಗ ಭಾರಕ್ಕೆಂದು ಉಳವಪ್ಪ ಅದರ ದಿಂಡಿನ ಮೇಲೆ ನಿಂತಿದ್ದ, ಹೊಳೆಯಪ್ಪ ಎತ್ತು ಹೊಡೆಯುತ್ತಿದ್ದ. ಬೇರೆಯಾಗುವ ಮಾತು ಬಂತು. ಮಾತಿಗೆ ಮಾತು ಬೆಳೆಯಿತು. ಹೊಳೆಯಪ್ಪ ಸಿಟ್ಟಿನ ಭರದಲ್ಲಿ ಬಾರುಕೋಲು ಬೀಸಿದ, ಎತ್ತುಗಳು ಹಾರಿಬಿದ್ದವು, ಅಣ್ಣ ಮುಂದಕ್ಕೆ ಜಾರಿದ. ಕುಂಟೆಯ ಅಲಗಿಗೆ ಕಸ ಯಾವುದು ಕಾಲು ಯಾವುದು ಗೊತ್ತಾಗಬೇಕಲ್ಲ.

ಗದಗದ ದವಾಖಾನೆಯಲ್ಲಿ ಹೇಗಾಯಿತೆಂದು ಕೇಳಿದಾಗ ಉಳವಪ್ಪ, "ನಾನ ಜಾರಿ ಬಿದ್ನಿರಿ," ಎಂದ. ಪೊಲೀಸರಿಗೂ ಅದೇ ಮಾತು. ಊರಿಗೂ ಅದೇ ಮಾತು.

ಹೊಳೆಯಪ್ಪನಿಗೆ ಕೆಟ್ಟದ್ದು ಅಲ್ಲಿಂದಲೇ. ಅಣ್ಣ ಬೈದಿದ್ದರೆ, ನಾಲ್ಕು ಮಂದಿಯ ಮುಂದೆ ಚಪ್ಪಲಿಯಿಂದ ಹೊಡೆದಿದ್ದರೆ, ಇವನೂ ಎರಡು ಮಾತು ಬೈದು ಹಗುರಾಗುತ್ತಿದ್ದ. ಅಣ್ಣ ಸುಮ್ಮನಿದ್ದ. ಬಲಗಾಲಿನ ಚಪ್ಪಲಿಯ ಮುಂಭಾಗಕ್ಕೆ ಹಳೆ ಬಟ್ಟೆ ತುರುಕಿ, ಕೋಲು ಊರಿಕೊಂಡು, ಕುಂಟುತ್ತ ದಿನಾ ಇವನ ಕಣ್ಣೆದುರೇ ಹೊಲಕ್ಕೆ ಹೋಗುತ್ತಿದ್ದ. ಆ ಕುಂಟು ನಡಿಗೆ ಕಂಡಾಗಲೆಲ್ಲ ಹೊಳೆಯಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೇರೆಯಾದ ಮೇಲೆ ಅವನು ಬದುವಿಗೆ ಕೈ ಹಚ್ಚಿದ. ವರ್ಷಕ್ಕೊಂದು ಸಾಲು ಬದುವಿನ ಬುಡಕ್ಕೆ ನೇಗಿಲು ಹಾಯಿಸುವುದು, ಮಣ್ಣನ್ನು ಅಣ್ಣನ ಕಡೆ ಏರಿಸುವುದು. ಬದು ಸರಿಯಿತು, ಆದರೆ ಸರ್ವೆಯವರು ನೆಟ್ಟ ಕಲ್ಲು ಸರಿಯಲಿಲ್ಲ. ಅದು ಇವನ ಹೊಲದೊಳಗೆ ಒಂಟಿಯಾಗಿ ನಿಂತು ಹೋಗುವವರಿಗೆ ಬರುವವರಿಗೆಲ್ಲ ಸಾಕ್ಷಿ ಹೇಳತೊಡಗಿತು. ಹನ್ನೆರಡು ವರ್ಷದ ಹಿಂದೆ, ಊರ ಮಂದಿ ಶಿರಹಟ್ಟಿಗೆ ಒಂದು ಮದುವೆಗೆ ಹೋದ ಮಧ್ಯಾಹ್ನ, ಹೊಳೆಯಪ್ಪ ಅದರ ಬುಡದಲ್ಲೇ ತಗ್ಗು ತೋಡಿ, ಕೆಡವಿ, ಮುಚ್ಚಿದ. ಒಬ್ಬನೇ ಎತ್ತಿ ಒಯ್ಯುವ ಕಲ್ಲು ಅದಲ್ಲ.

ಮರುದಿನ ಉಳವಪ್ಪ ಬಂದು ಆ ಜಾಗದಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಕುಂಟುತ್ತ ಮನೆಗೆ ಹೋದ. ಅವತ್ತೂ ಏನೂ ಅನ್ನಲಿಲ್ಲ.

*

ಕೊನೆಗೆ ಮಲ್ಲು ಕಾಕಾನನ್ನು ಊರೊಳಗೆ ಕರೆತಂದ. ಮಠದ ಅಯ್ಯನವರು ಹೇಳಿದಂತಾಗಲಿ ಎಂದು ಮಾತಾಗಿತ್ತು.

ಉಳವಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿ, ಬಿಳಿ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಮುಂದೆ ಚಾಚಿದ ಎರಡು ಪಾದಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಭಜನೆಯವರು ಚಹಾಕ್ಕೆ ನಿಲ್ಲಿಸಿದ್ದರು. ಹೊಳೆಯಪ್ಪ ಬಂದದ್ದನ್ನು ನೋಡಿ ಓಣಿಯ ದೇವವ್ವ ಪಕ್ಕದವಳ ಕಿವಿಗೆ ಬಾಯಿ ಹಚ್ಚಿದಳು, ಆದರೆ ದನಿ ಮಾತ್ರ ಎಲ್ಲರಿಗೂ ಕೇಳುವಂತಿತ್ತು.

"ಬಂದಾ ನೋಡು. ಅಣ್ಣನ ಮಾರಿ ನೋಡಾಕಲ್ಲ, ಕಾಲು ನೋಡಾಕ."

"ಪಾಪ, ಡೇರಿಗೆ ಹಾಲು ಹಾಕಾಕ ಕುಂಟಿಕೋತ ಬಂದ್ರೂ ಉಳವಪ್ಪನ ಮೊದಲು," ಎಂದಳು ಇನ್ನೊಬ್ಬಳು. "ಒಂದಿನ ನೀರು ಬೆರಸಲಿಲ್ಲ ನೋಡವ್ವ."

ಮಠದ ಅಯ್ಯನವರು ದಾರ ಬೆರಳಿಗೆ ಸುತ್ತಿಕೊಂಡು ಕೂತಿದ್ದರು. "ಪದ್ಧತಿ ಕೇಳಿದ್ರ ಬಲಗಾಲು ಖರೆ," ಎಂದು ಎಳೆದರು. "ಹೊಳೆಯಪ್ಪ ಅನ್ನೂದು ಸುಳ್ಳಲ್ಲ. ಆದ್ರ..."

"ಆದ್ರ ಯಾಕ್ರಿ ಅಯ್ಯನೋರ? ಪದ್ಧತಿ ಅಂದ್ರ ಪದ್ಧತಿ," ಎಂದ ಹೊಳೆಯಪ್ಪ.

ಅಲ್ಲಿವರೆಗೆ ಗಂಡನ ತಲೆಯ ಬಳಿ ಕೂತು ನೊಣ ಹೊಡೆಯುತ್ತಿದ್ದ ಗದಿಗೆವ್ವ ಕೈಯಲ್ಲಿದ್ದ ಟವೆಲ್ಲು ಕೆಳಗಿಟ್ಟಳು. ನಿನ್ನೆಯಿಂದ ಅವಳು ಒಂದು ಹನಿ ಅತ್ತಿರಲಿಲ್ಲ.

"ಬಲಗಾಲಿಲೇ ಅಳೀರಿ ಅಯ್ಯನೋರ, ನಂದೇನೂ ತಕರಾರಿಲ್ಲ. ಮೊದಲ ಆ ಐದು ಬೆರಳು ತಂದು ಕೊಡು ಅನ್ರಿ ಅವಗ. ಎಲ್ಲಿ ಚೆಲ್ಲ್ಯಾನ, ಅವಗ ಗೊತ್ತೈತಿ. ತಂದು ಹಚ್ಚಲಿ, ಆಮ್ಯಾಲ ಅಳೀರಿ."

ಮೂವತ್ತು ವರ್ಷ ಉಳವಪ್ಪ ಬಾಯೊಳಗೇ ಇಟ್ಟುಕೊಂಡದ್ದನ್ನು ಅವನ ಹೆಂಡತಿ ಅವನ ಹೆಣದ ಮುಂದೆ ಉಗುಳಿಬಿಟ್ಟಿದ್ದಳು. "ವೈನಿ..." ಎಂದು ಹೊಳೆಯಪ್ಪ ಒಂದು ಹೆಜ್ಜೆ ಮುಂದೆ ಬಂದ. ನೂರು ಕಣ್ಣು ಅವನ ಮೇಲಿದ್ದವು. ಅವನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಸತ್ತ ಮೇಲೂ ಅಣ್ಣ ಬಾಯಿ ಮುಚ್ಚಿಕೊಂಡೇ ತನ್ನ ಮಾನ ತೆಗೆಯುತ್ತಿದ್ದಾನಲ್ಲ!

ಅಯ್ಯನವರು ದಾರವನ್ನು ಮಲ್ಲುವಿನ ಕೈಗಿಟ್ಟರು. "ಎಡಗಾಲಿಲೇ ಆಗಲಿ. ಹೊತ್ತು ಏರಾಕತ್ತೈತಿ, ನಡೀರಿ."

*

ಹೊಲಕ್ಕೆ ಎಲ್ಲರಿಗಿಂತ ಮೊದಲು ಮುಟ್ಟಿದವನು ಹೊಳೆಯಪ್ಪ. ಮುಸ್ತಾಕ ಬದುವಿಗೆ ಗುದ್ದಲಿ ಎತ್ತುವಷ್ಟರಲ್ಲಿ ಇವನು ಓಡಿಬಂದು ಕಸಿದುಕೊಂಡ.

"ಬಿಡು. ನನ್ನ ಅಣ್ಣ, ನಾನ ಕಡೀತೇನಿ. ನೀ ಹೋಗು, ಬೇವಿನ ಗಿಡದ ಕೆಳಗ ಚಹಾ, ಚುರುಮರಿ ಇಟ್ಟಾರ. ಮಣ್ಣು ಎತ್ತೂ ಹುಡುಗರ್ನೂ ಕರಕೊಂಡು ಹೋಗು."

"ನಿಮಗ ವಯಸ್ಸಾಗೇತ್ರಿ ಕಾಕಾರ..."

"ಹೋಗಂದ್ರ ಹೋಗಬೇಕು!"

ಮುಸ್ತಾಕ ಅವನನ್ನು ಒಮ್ಮೆ ನೋಡಿ ಹೋದ. ಹೆಣಕ್ಕಿಂತ ಮುಂದೆ ಬಂದು ಗಿಡದ ಕೆಳಗೆ ಕೂತವರಿಗೆ ಈ ಮಾತು ಮುಟ್ಟಿದ್ದೇ ತಡ, ಎಲ್ಲರ ಮನಸ್ಸು ಕರಗಿತು. ಎಷ್ಟಾದರೂ ರಕ್ತ ರಕ್ತವೇ ಎಂದರು. ಒಬ್ಬ ಮುದುಕನಂತೂ ಕಣ್ಣು ಒರೆಸಿಕೊಂಡ.

ಇತ್ತ ಹೊಳೆಯಪ್ಪ ಹುಚ್ಚನ ಹಾಗೆ ಕಡಿಯುತ್ತಿದ್ದ. ಕಡಲೆ ಗಿಡ ಬೇರುಸಮೇತ ಕಿತ್ತು ಬಂದವು. ಮೊಳಕಾಲುದ್ದ ಹೋದ ಮೇಲೆ ಗುದ್ದಲಿ ಠಣ್ ಎಂದಿತು. ಅವನು ಬಗ್ಗಿ ಕೈಯಿಂದ ಮಣ್ಣು ಬಗೆದ. ಸರ್ವೆಯವರ ಗುರುತು ಕೆತ್ತಿದ ತಲೆ ಹೊರಬಂತು. ಹನ್ನೆರಡು ವರ್ಷ ಮಣ್ಣಲ್ಲಿದ್ದರೂ ಒಂದು ಗೆರೆಯೂ ಅಳಿಸಿರಲಿಲ್ಲ.

ಗುದ್ದಲಿಯ ಕಾವು ಸಂದಿಗೆ ಹಾಕಿ ಮೀಟಿದ. ಎರಡು ಸಲ ಅಲುಗಾಡಿ, ಮೂರನೆಯ ಸಲಕ್ಕೆ ಕಲ್ಲು ಉರುಳಿ ಕುಣಿಯೊಳಗೆ ಬಿತ್ತು. ಅದರ ಹಿಂದೆಯೇ ಇಳಿದು, ಬೆನ್ನು ಮುರಿಯುವಂತೆ ನೂಕಿ ನೂಕಿ ಗೂಡಿನೊಳಗೆ ಸೇರಿಸಿದ. ಹೆಣ ಕೂಡಿಸುವ ಜಾಗದಲ್ಲೇ ಅದನ್ನು ಅಡ್ಡ ಮಲಗಿಸಿ, ಮೇಲೆ ಮಣ್ಣು ಹಾಕಿ ತುಳಿದ, ಪೂಜೆಗೆಂದು ತಂದಿಟ್ಟಿದ್ದ ಬಿಲ್ವಪತ್ರೆಯನ್ನು ಮಣ್ಣಿನ ಮೇಲೆ ಚೆಲ್ಲಿದ, ಆಮೇಲೆ ಉಳಿದ ಮೆಟ್ಟಿಲು ಕಡಿದ. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ಆದರೂ ಎದೆಯೊಳಗಿನ ಭಾರ ಇಳಿದಿತ್ತು. ಇನ್ನು ಯಾರೂ ಅಗೆಯುವ ಹಾಗಿಲ್ಲ, ಕುಣಿ ಕೆದರುವ ಧೈರ್ಯ ಯಾವ ಮಗನಿಗೂ ಬರುವುದಿಲ್ಲ.

ಹೆಣ ಬಂತು. ಮುಸ್ತಾಕ ಮತ್ತು ಮಲ್ಲು ಹೊಸ ಮೆಟ್ಟಿಲು ಇಳಿದು ಉಳವಪ್ಪನನ್ನು ಗೂಡಿನಲ್ಲಿ ಕೂಡಿಸಿದರು. ಅಯ್ಯನವರು ಬಗ್ಗಿ ನೋಡಿ ತಲೆಯಾಡಿಸಿದರು.

"ಗದ್ದಿಗಿ ಎತ್ತರ ಮಾಡಿಯಲ್ಲಪಾ. ಅಣ್ಣನ್ನ ಚಲೋ ಕೂಡಿಸಿದಿ. ತಮ್ಮ ಅಂದ್ರ ಹಿಂಗಿರಬೇಕು."

ಮಂದಿ ಹೌದೆಂದರು. ದೇವವ್ವ ಕೂಡ ಹೌದೆಂದಳು. ಹೊಳೆಯಪ್ಪ ರಕ್ತದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತಲೆ ತಗ್ಗಿಸಿದ.

ವಿಭೂತಿ ಗಟ್ಟಿ ತುಂಬಿದರು, ಉಪ್ಪು ಸುರಿದರು. ಮಣ್ಣು ಕೊಡುವ ಸರದಿ ಬಂತು. ಮೊದಲು ಮಗ, ಆಮೇಲೆ ಹೆಂಡತಿ, ಆಮೇಲೆ ತಮ್ಮ. ಗದಿಗೆವ್ವ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದವಳು ಹೊಳೆಯಪ್ಪನ ಮಗ್ಗುಲಲ್ಲೇ ನಿಂತಳು. ಅವಳ ದನಿ ಇವನೊಬ್ಬನಿಗೆ ಮಾತ್ರ ಕೇಳಿತು.

"ಕಲ್ಲು ಸಿಕ್ತೇನು?"

ಹೊಳೆಯಪ್ಪ ಮಣ್ಣಿಗೆ ಬಗ್ಗಿದವನು ಹಾಗೇ ಉಳಿದ.

"ನೀ ಹೂತ ಮರುದಿನಾನ ಅವರು ಕೋಲು ಊರಿ ನೋಡಿದ್ರು. ಠಣ್ ಅಂತಂತ. ನಮ್ಮ ತಮ್ಮಗ ಅಷ್ಟು ಹಸಿವಿದ್ರ ತಿನ್ನಲಿ ಬಿಡ ಅಂದ್ರು. ಅವರು ಅಂದ್ರು, ನಾ ಅನ್ನಾಕಿ ಅಲ್ಲ. ಗಡಿ ಅಳಸಾಕ ಹದ್ದುಬಸ್ತಿಗೆ ಆಗಲೇ ಅರ್ಜಿ ಕೊಡಸೇನಿ. ಬರೂ ಸೋಮವಾರ ಮುಂಡರಗಿಯಿಂದ ಸರ್ವೇದವರು ಬರ್ತಾರ."

"ವೈನಿ, ನಾ..."

"ಅದು ಕಲ್ಲಾಗಿತ್ತು, ಹೂತು ಹಾಕಿದಿ ಹೊಳೆಯಪ್ಪ. ಈಗ ಇವರ ಕುಣಿನ ಗಡಿ. ಇವರನ್ನ ಎಲ್ಲಿಗೆ ಸರಸ್ತಿ? ನಾನೂ ನೋಡತೇನಿ."

ಹಿಂದಿನಿಂದ ಯಾರೋ ಅವಸರ ಮಾಡಿದರು. "ಹೊಳೆಯಪ್ಪಾ, ಜಲ್ದಿ ಮಣ್ಣು ಹಾಕಪಾ. ಮಂದಿ ನಿಂತಾರ."

ಹೊಳೆಯಪ್ಪ ಹಿಡಿ ಮಣ್ಣು ತುಂಬಿಕೊಂಡು ಕೆಳಗೆ ನೋಡಿದ. ಎದೆಯವರೆಗೂ ಉಪ್ಪು ಏರಿತ್ತು, ರುಮಾಲಿನ ಕೆಳಗೆ ಮುಖ ಇನ್ನೂ ಕಾಣುತ್ತಿತ್ತು. ಅಣ್ಣ ಗಡಿಕಲ್ಲಿನ ಮೇಲೆ ನೆಟ್ಟಗೆ ಕೂತು, ಮೂಡಣಕ್ಕೆ ಮುಖ ಮಾಡಿ, ಕಡಿದುಹೋದ ಬದುವಿನಾಚೆ ತಮ್ಮನ ಕಡಲೆ ಹೊಲವನ್ನು ಎದುರಿಟ್ಟುಕೊಂಡಿದ್ದ.