ದೇವರಿಗೆ ಗೊತ್ತಿದ್ದ ಕಾಗದ

ಬಡಗಿ ಪ್ರೊಟೆಸ್ಟೆಂಟ್, ಅವನ ಹೆಂಡತಿ ಕ್ಯಾಥೊಲಿಕ್. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಇಬ್ಬರೂ ತಮ್ಮ ತಮ್ಮ ಚರ್ಚು ಬಿಟ್ಟಿರಲಿಲ್ಲ. ಜಗಳವೆನ್ನುವಂಥ ಜಗಳವಿರಲಿಲ್ಲ, ಕೀಟಲೆಗೆ ಮಾತ್ರ ಬರವಿರಲಿಲ್ಲ. ಪ್ರತಿ ಶನಿವಾರ ಸಂಜೆ ಅವಳು ಫಾದರ್ ಹತ್ತಿರ ಪಾಪನಿವೇದನೆಗೆ ಹೊರಟರೆ, ದೇವರಿಗೂ ನಿನಗೂ ನಡುವೆ ಆ ದಲ್ಲಾಳಿ ಯಾಕೆ ಎಂದು ಇವನು ಕೆಣಕುತ್ತಿದ್ದ. ತಾನಾದರೆ ಬಾಗಿಲು ಹಾಕಿಕೊಂಡು ನೇರವಾಗಿ ದೇವರಿಗೇ ಹೇಳುವವನು. ನಂಬಿ ಕೇಳಿದವನಿಗೆ ಅಲ್ಲೇ ಕ್ಷಮೆ. ಅವಳೂ ಬಿಡುವವಳಲ್ಲ. ಅರ್ಜಿ ಬರೆಯುವವರೂ ನೀವೇ, ಮಂಜೂರು ಮಾಡುವವರೂ ನೀವೇ, ಒಳ್ಳೆ ಕಚೇರಿ ನಿಮ್ಮದು ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು.

ಅವಳು ಅಲ್ಲಿ ಏನು ಹೇಳುತ್ತಾಳೆ ಎಂಬುದು ಅವನ ತಲೆ ತಿನ್ನುತ್ತಿತ್ತು. ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಬೆಳಗಿನಿಂದ ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೆ ವಾರ ವಾರವೂ ಹೇಳಿಕೊಳ್ಳುವಷ್ಟು ಪಾಪ ಎಲ್ಲಿಂದ ಬರಬೇಕು? ಆ ಮನೆಯಲ್ಲಿ ಪಾಪ ಮಾಡಿದವನು ತಾನು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಹೆಂಡತಿಯ ಹೆಸರಿಗೆ ಅವಳ ಅಕ್ಕನಿಂದ ಒಂದು ಕಾಗದ ಬಂದಿತ್ತು. ಈ ಸಂಬಂಧ ಕೂಡದೆಂದು ಹಟ ಹಿಡಿದ ಅಕ್ಕ, ಗುರುಗಳ ಮುಂದೆ ತಲೆ ಬಾಗಿಸದವನು ನಿನ್ನನ್ನೇನು ಬಾಳಿಸುತ್ತಾನೆ ಎಂದು ಮದುವೆಯ ದಿನವೇ ನಾಲ್ಕು ಜನರೆದುರು ಆಡಿ, ಆಮೇಲೆ ಮಾತೇ ಬಿಟ್ಟಿದ್ದಳು. ಆ ಮಾತು ಬಡಗಿಯ ಹೊಟ್ಟೆಯೊಳಗೆ ಕೂತಿತ್ತು. ಕಾಗದ ಒಡೆದು ಓದಿದ. ಸ್ವಲ್ಪ ದಿನ ಕಾಯಲಿ, ಆ ಅಕ್ಕನ ಸೊಕ್ಕು ಇಳಿಯಲಿ ಎಂದು ಉಳಿ ಗರಗಸದ ಪೆಟ್ಟಿಗೆಯ ತಳದಲ್ಲಿಟ್ಟ. ಹದಿನೈದು ದಿನಕ್ಕೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಹೆಂಡತಿ ಹೋಗಿ, ಶವಪೆಟ್ಟಿಗೆಯ ಪಕ್ಕ ಒಂದು ಹನಿ ಕಣ್ಣೀರು ಹಾಕದೆ ನಿಂತು ಬಂದಳು. ಇನ್ನು ಕಾಗದ ಕೊಡುವುದು ಯಾವ ಮುಖ ಇಟ್ಟುಕೊಂಡು? ಅಂಟು ಕಾಯಿಸುವ ಒಲೆಗೆ ಹಾಕಿದ.

ಅಂದಿನಿಂದ ದಿನಾ ಬೆಳಿಗ್ಗೆ ದೇವರಿಗೆ ಅದನ್ನೇ ಹೇಳುತ್ತ ಬಂದ, ಕಾಗದದ ಒಂದೊಂದು ಪದ ಸಮೇತ. ಭಾನುವಾರ ತನ್ನ ಚರ್ಚಿನಲ್ಲಿ ಪಾಸ್ಟರು ಓದಿಸುವ ತಪ್ಪೊಪ್ಪಿಗೆಯಲ್ಲೂ ದನಿ ಸೇರಿಸಿದ. ಇಡೀ ಸಭೆ ಒಟ್ಟಿಗೆ ಹೇಳುವಾಗ ಯಾರ ಪಾಪ ಯಾವುದೆಂದು ಯಾರಿಗೆ ತಿಳಿಯಬೇಕು? ಪಾಸ್ಟರ ಪ್ರಕಾರ ಮೊದಲ ದಿನವೇ ಕ್ಷಮೆ ಸಿಕ್ಕಿರಬೇಕು. ಆದರೂ ಹನ್ನೊಂದು ವರ್ಷ ಮತ್ತೆ ಮತ್ತೆ ಕೇಳಿದ. ಹೆಂಡತಿಗೆ ಹೇಳಿದರೆ ಬಿಟ್ಟು ಹೋಗುತ್ತಾಳೆ ಎಂಬ ಭಯವಂತೂ ಇತ್ತು.

ಹೀಗಿರುವಾಗ ಒಂದು ಶುಕ್ರವಾರ ಅವಳ ಚರ್ಚಿನಿಂದಲೇ ಅವನಿಗೆ ಕೆಲಸ ಬಂತು. ಪಾಪನಿವೇದನೆಯ ಗೂಡಿನಲ್ಲಿ ಫಾದರಿಗೂ ಹೇಳಿಕೊಳ್ಳುವವರಿಗೂ ನಡುವಿನ ಮರದ ಜಾಲರಿಗೆ ಗೆದ್ದಲು ಹಿಡಿದಿತ್ತು, ಮೊಣಕಾಲೂರುವ ಹಲಗೆ ಸವೆದು ಎರಡು ಗುಳಿ ಬಿದ್ದಿತ್ತು. ಹಲಗೆ ಕಿತ್ತು ಕೈಯಲ್ಲಿ ಹಿಡಿದಾಗ, ಇದರಲ್ಲಿ ನನ್ನವಳ ಪಾಲೆಷ್ಟೋ ಎಂದು ನಗು ಬಂತು. ಹೊಸ ಹಲಗೆ ಕೂರಿಸಿದ. ತೆಳು ಪಟ್ಟಿಗಳಿಗೆ ಹತ್ತರಿ ಹೊಡೆದು ನಯ ಮಾಡಿ ಜಾಲರಿ ಕಟ್ಟಿದ. ಸಂಜೆ ನಾಲ್ಕಕ್ಕೆ ಫಾದರ್ ಬಂದರು. ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಪಟ್ಟಿಗಳು ತೀರಾ ಹತ್ತಿರವಾದವೇನೋ ಎಂದು ಅವರಿಗೆ ಅನುಮಾನ. ಅವರೇ ಒಳಗೆ ಹೋಗಿ ಕೂತು, ನೀವು ಜಾಲರಿಯ ಆ ಕಡೆಯಿಂದ ಏನಾದರೂ ಮಾತಾಡಿ, ನನಗೆ ಕೇಳುತ್ತದೋ ನೋಡೋಣ ಎಂದರು.

ನಿಂತರೆ ಬಾಯಿ ಜಾಲರಿಯ ಮಟ್ಟಕ್ಕೆ ಬರುವುದಿಲ್ಲ. ಬಡಗಿ ಮೊಣಕಾಲೂರಿದ. ಒಂದು, ಎರಡು, ಮೂರು ಎಂದು ಎಣಿಸಬೇಕೆಂದಿದ್ದವನ ಬಾಯಿಂದ ಕಾಗದದ ವಿಷಯ ಹೊರಬಿತ್ತು. ದಿನಾ ಹೇಳಿ ರೂಢಿಯಾಗಿದ್ದ ಮಾತು, ತಡವರಿಸದೆ ಪೂರ್ತಿ ಬಂತು.

ಆ ಕಡೆ ಸದ್ದಿಲ್ಲ. ಮುದುಕರು ನಿದ್ದೆ ಹೋದರೇನೋ ಅಂದುಕೊಂಡ.

"ಕೇಳಿಸ್ತು," ಎಂದರು ಫಾದರ್ ಕೊನೆಗೆ. ದನಿ ಕುಗ್ಗಿತ್ತು. ನೀವು ನಮ್ಮ ಸಭೆಯವರಲ್ಲ, ಪಾಪವಿಮೋಚನೆಯ ಮಾತು ನಿಮಗೆ ಹೇಳಲು ನನಗೆ ಅಧಿಕಾರವಿಲ್ಲ, ಆದರೆ ಕೇಳಿದ್ದು ಇಲ್ಲೇ ಉಳಿಯುತ್ತದೆ ಎಂದರು. ಅದೇನೂ ಬೇಡ, ದೇವರು ನನ್ನನ್ನು ಆಗಲೇ ಕ್ಷಮಿಸಿದ್ದಾನೆ ಎಂದ ಬಡಗಿ, ಮೊಣಕಾಲ ಮೇಲಿದ್ದರೂ ಪಟ್ಟು ಬಿಡದೆ.

"ಇರಬಹುದು, ಮೇಸ್ತ್ರಿ. ಆದ್ರೆ ಆ ಕಾಗದ ದೇವರಿಗೆ ಬಂದಿದ್ದಲ್ಲವಲ್ಲ. ನೀವು ನಮ್ಮವರೇ ಆಗಿದ್ರೂ ಇದನ್ನೇ ಹೇಳ್ತಿದ್ದೆ. ಯಾರದೋ ಅವರಿಗೆ ಮುಟ್ಟಿಸಿ."

ಮನೆಗೆ ಬಂದಾಗ ಹೆಂಡತಿ ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಕೈಕಾಲು ಸಹ ತೊಳೆಯದೆ ಅವಳೆದುರು ಸ್ಟೂಲಿನಲ್ಲಿ ಕೂತು ಹೇಳಿಬಿಟ್ಟ. ದೇವರಿಗೆ ನಾಲ್ಕು ಸಾವಿರ ಸಲ ಹೇಳಿದ್ದನ್ನು ಇವಳಿಗೆ ಒಂದು ಸಲ ಹೇಳುವಷ್ಟರಲ್ಲಿ ನಾಲಿಗೆ ಒಣಗಿತು. ಅವಳು ದಾರ ಕಚ್ಚಿ ತುಂಡು ಮಾಡಿ, ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟಳು.

"ಫಾದರ್ ಹತ್ರ ಏನು ಹೇಳ್ತೀನಿ ಅಂತ ಕೇಳ್ತಿದ್ರಲ್ಲ," ಎಂದಳು. "ಸಾಯೋವಾಗ್ಲೂ ಒಂದು ಮಾತು ಹೇಳಿ ಕಳಿಸಲಿಲ್ಲ ಅಂತ ಅಕ್ಕನ ಮೇಲೆ ದ್ವೇಷ ಇಟ್ಕೊಂಡಿದೀನಿ ಅಂತ. ಹನ್ನೊಂದು ವರ್ಷದಿಂದ ಅದೊಂದೇ. ಅವರು ಪ್ರತಿ ಸಲ ಕ್ಷಮೆ ಕೊಡ್ತಿದ್ರು, ಮುಂದಿನ ಶನಿವಾರದೊಳಗೆ ಅದು ಮತ್ತೆ ಬಂದು ಕೂತಿರ್ತಿತ್ತು. ಸತ್ತವಳನ್ನ ದ್ವೇಷಿಸೋ ನಾನೆಂಥ ಹೆಂಗಸು ಅಂತ ಅಳ್ತಿದ್ದೆ."

ಫಾದರ್ ಅಷ್ಟು ಹೊತ್ತು ಸುಮ್ಮನಿದ್ದದ್ದು ಯಾಕೆಂದು ಬಡಗಿಗೆ ಆಗ ಅರ್ಥವಾಯಿತು. ಪಾಪ ಇವನದು, ಮೊಣಕಾಲು ಸವೆಸಿದವಳು ಅವಳು. ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದಾಗ ಅವಳು ಕೈ ಅಡ್ಡ ಮಾಡಿದಳು.

"ಅದಿರಲಿ. ಕಾಗದದಲ್ಲಿ ಏನಿತ್ತು?"

ಅವನು ಒಂದಕ್ಷರವೂ ಮರೆತಿರಲಿಲ್ಲ. "ತಂಗಿ, ನನಗೆ ಮೈಯಲ್ಲಿ ಹುಷಾರಿಲ್ಲ. ಮದುವೆಯ ದಿನ ನಾನು ಹಾಗೆ ಆಡಬಾರದಿತ್ತು, ತಪ್ಪು ನನ್ನದೇ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಒಂದು ಸಲ ಬಂದು ಹೋಗು, ನಿನ್ನ ಗಂಡನನ್ನೂ ಕರೆದುಕೊಂಡು ಬಾ."

ಇನ್ನೊಂದು ಸಲ ಹೇಳಿ ಎಂದಳು. ಹೇಳಿದ. ಮೂರನೇ ಸಲವೂ ಹೇಳಿಸಿದಳು. ಈ ಸಲ ಅವಳ ತುಟಿಯೂ ಜೊತೆಗೆ ಆಡುತ್ತಿತ್ತು. ಆಮೇಲೆ ಮುಖ ಒರೆಸಿಕೊಂಡು, ಅವನನ್ನಲ್ಲ, ಎದುರಿನ ಗೋಡೆಯನ್ನು ನೋಡುತ್ತ ಅಂದಳು:

"ಆಯ್ತಕ್ಕ. ಮನಸ್ಸಲ್ಲಿ ಏನೂ ಇಲ್ಲ."

ಕ್ಷಮೆಗೆ ತನ್ನ ಸರದಿಯೂ ಬರಬಹುದೆಂದು ಬಡಗಿ ಸ್ಟೂಲಿನಲ್ಲೇ ಕಾದು ಕೂತ. ಅವಳು ಕಾಲರಿನಿಂದ ಸೂಜಿ ಕಿತ್ತು, ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದಳು.