ಹೊಲಿಗೆ ಮಷಿನ್ನಿನ ಕುದುರೆ

ಬೈಲಹೊಂಗಲದ ಬಜಾರಿನಲ್ಲಿ ಜೀನತ್ ನಡೆಸುತ್ತಿದ್ದ ವಿಡಿಯೊ ಗೇಮ್ ಅಂಗಡಿಗೆ ಅವಳ ಅಣ್ಣ ಇಕ್ಬಾಲ್ 2003ರಲ್ಲಿ ಕುದುರೆ ಓಟದ ಆಟದ ಮೂರನೆಯ ಹೊಸ ಡಬ್ಬಿ ತಂದ. ಟೆಂಪೊ ಓಡಿಸುವ ಅವನಿಗೆ ಬೆಳಗಾವಿಗೆ ಹೋದಾಗಲೆಲ್ಲ ಇದೇ ಖಯಾಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಪೈಕಿ.

ಮೊದಲ ಡಬ್ಬಿಯಲ್ಲಿ ಕುದುರೆಯೆಂದರೆ ತೆರೆಯ ಮೇಲೆ ನಾಲ್ಕು ಚೌಕ. ಎರಡನೆಯದರಲ್ಲಿ ಅದಕ್ಕೆ ಬಣ್ಣ ಬಂತು. ಈಗ ಬಾಲದ ಕೂದಲನ್ನೂ ಎಣಿಸಬಹುದಿತ್ತು. ಓಟ ಮಾತ್ರ ಅದೇ ಓಟ, ಟಕಟಕ ಒತ್ತುವ ಗುಂಡಿಯೂ ಅದೇ.

"ಅದ ಮದುಮಗಳಿಗೆ ಮೂರನೇ ಸಲ ಪೌಡರ್ ಹಚ್ಚ್ಯಾರ. ಇದಕ್ಕ ಹೊಸಾದು ಅಂತಿಯೇನು ಭಾಯಿ?" ಎಂದಳು ಜೀನತ್.

"ಹಂಗಾರ ನೀನ ಹೊಸಾದು ಮಾಡಿ ತೋರಿಸು. ಸಂತಿ ದಿನ ಮಂದಿ ನಿನ್ನ ಡಬ್ಬಿ ಮುಂದ ಕುಂತ್ರ ಅಂಗಡಿ ನಿಂದು. ಇಲ್ಲಂದ್ರ ನಾ ನಡಸ್ತೇನಿ, ನೀ ಮನ್ಯಾಗ ಇರು."

ಮನೆಯಲ್ಲಿರು! ಗಾಯಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಅಪ್ಪ ತೀರಿಕೊಂಡ ಮೇಲೆ ಮುಚ್ಚಿದ್ದ ಅವನ ದರ್ಜಿ ಅಂಗಡಿಯ ಬಾಗಿಲು ತೆರೆದು ಆಟದ ಅಂಗಡಿ ಮಾಡಿದವಳೇ ಅವಳು. ಅಪ್ಪನ ಹೊಲಿಗೆ ಮಷಿನ್ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಎಳೆದು, ಹಳೆಯ ಡಬ್ಬಿಯ ಗುಂಡಿಯಿಂದ ತಂತಿ ತಂದು ಪೆಡಲ್ಲಿಗೆ ಬೆಸುಗೆ ಹಾಕಿದಳು. ಒಂದು ತುಳಿತಕ್ಕೆ ಕುದುರೆಯ ಒಂದು ನೆಗೆತ. ಬೆರಳು ಸುಟ್ಟರೂ ಬಿಡಲಿಲ್ಲ.

ಸಂತೆಯ ದಿನ ಮೊದಲು ಕುಳಿತವನು ಇಕ್ಬಾಲನೇ. ಟೆಂಪೊದ ಆಕ್ಸಿಲರೇಟರ್ ಒತ್ತಿದ ಹಾಗೆ ಪೆಡಲ್ ಒತ್ತಿ ಹಿಡಿದ. ಕುದುರೆ ಒಮ್ಮೆ ನೆಗೆದು ನಿಂತುಬಿಟ್ಟಿತು.

"ಸತ್ತೈತಿ ನೋಡ್ರಿ ಇಕೀ ಕುದುರಿ!"

ಸೇರಿದ್ದವರು ನಕ್ಕರು.

ಬಾಗಿಲಲ್ಲಿದ್ದ ನೇಸರಗಿಯ ಕಾಡವ್ವ ಸಂತೆಯ ಚೀಲ ಇಳಿಸಿದಳು. ಜೀನತ್‌ಳ ಅಪ್ಪನ ಕೈಯಲ್ಲಿ ಹೊಲಿಗೆ ಕಲಿತವಳು. ಆಟಕ್ಕೆಂದು ಆ ಹೊಸ್ತಿಲು ದಾಟಿದ ಹೆಂಗಸು ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ.

"ಏಳ್ರಿ ಅಣ್ಣಾರ. ಇದೇನು ಟೆಂಪೊ ಏನ್ರಿ, ಒತ್ತಿ ಹಿಡಿಯಾಕ?"

ಕುಳಿತಳು. ಮುಂಗಾಲು, ಹಿಮ್ಮಡಿ, ಮುಂಗಾಲು, ಹಿಮ್ಮಡಿ. ಇಪ್ಪತ್ತು ವರ್ಷ ಜಂಪರ್ ಹೊಲಿದ ಕಾಲು ಅದು. ಕುದುರೆ ಕಿತ್ತೆದ್ದು ಓಡಿತು. "ನಡಿ, ನಡಿ!" ಎಂದು ಕಾಡವ್ವ ಕೂಗಿದ್ದು ಬಜಾರಿಗೆಲ್ಲ ಕೇಳಿಸಿತು. ಬಾಯವ್ವ ಬಂದಳು, ಶೆಟ್ಟೆವ್ವ ಬಂದಳು, ಮದರಬಿ ಕೆಲಸ ಬಿಟ್ಟು ಬಂದಳು. ಹೊಸ ಡಬ್ಬಿಯ ಕುದುರೆ ಒಂಟಿಯಾಗಿ ನಿಂತು ಬಾಲ ಆಡಿಸುತ್ತಿತ್ತು.

ಸಂಜೆಗೆ ಇಕ್ಬಾಲ್ ಆ ಡಬ್ಬಿಯನ್ನೇ ಬಗಲಲ್ಲಿ ಇಟ್ಟುಕೊಂಡು ಬಂದ.

"ಇದಕ್ಕೂ ಒಂದು ಪೆಡಲ್ ಹಚ್ಚಿ ಕೊಡು ತಂಗಿ."

ಜೀನತ್ ಮಷಿನ್ನಿನ ಮುಂದಿನ ಹೆಂಗಸರ ಸಾಲಿನ ತುದಿಯತ್ತ ಕೈ ತೋರಿಸಿದಳು.

"ನನ್ನ ಅಂಗಡ್ಯಾಗ ಎಲ್ಲಾರಿಗೂ ಒಂದ ಕಾಯ್ದೆ. ಪಾಳಿ ಹಚ್ಚು ಭಾಯಿ, ಶೆಟ್ಟೆವ್ವನ ಹಿಂದ."